ಸಿಪಾಯಿಗಳೆಲ್ಲ ಬೆಳ್ಳಗಾದರೆ: ಮಲೆನಾಡಿನ ಮಳೆಗಾಲಕ್ಕೊಂದು ದೋಷ ನಿವಾರಣೆ ಕೈಪಿಡಿ

ದೋಷ ಇಷ್ಟು. ವಾರಗಟ್ಟಲೆ ಕೂತು ಯುದ್ಧದಾಟದ ಪುಟಾಣಿ ಸೈನಿಕರಿಗೆ ಬಣ್ಣ ಹಾಕಿದ್ದೀರಿ. ಅಂಗಿಯ ಗುಂಡಿಗೆ ಚುಕ್ಕೆ ಇಟ್ಟಿದ್ದೀರಿ, ಕಣ್ಣು ಬರೆದಿದ್ದೀರಿ. ಕೊನೆಗೆ ಹೊಳಪು ತೆಗೆಯಲು ಮ್ಯಾಟ್ ವಾರ್ನಿಷ್ ಸ್ಪ್ರೇ ಹೊಡೆದು ಊಟಕ್ಕೆ ಹೋಗಿದ್ದೀರಿ. ಬಂದು ನೋಡಿದರೆ ಇಡೀ ಪಡೆ ವಿಭೂತಿ ಬಳಿದುಕೊಂಡ ಹಾಗೆ ಬೆಳ್ಳಗೆ ನಿಂತಿದೆ.

ಚಿಕ್ಕಮಗಳೂರಿನಲ್ಲಿ ನನಗೆ ಇದು ಆದದ್ದು ಜುಲೈನಲ್ಲಿ, ಪುನರ್ವಸು ಮಳೆ ಹಿಡಿದು ಕೂತಿದ್ದಾಗ. 1792ರ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಮೇಜಿನ ಮೇಲೆ ಆಡಬೇಕು ಅಂತ ಎರಡು ಪಡೆ ಕಟ್ಟುತ್ತಿದ್ದೆ. ಎಲ್ಲ 28 ಮಿ.ಮೀ. ಅಳತೆಯವು. ಟಿಪ್ಪುವಿನ ಪದಾತಿ 24 ಜನ, ಲೋಹದವರು. ಕಂಪನಿಯ ಕೆಂಪಂಗಿಯವರು 12 ಜನ, ಪ್ಲಾಸ್ಟಿಕ್. ಟಿಪ್ಪುವಿನ ಸಿಪಾಯಿಗಳ ಅಂಗಿ ಮೇಲೆ ಹುಲಿಪಟ್ಟೆ ಇರುತ್ತದಲ್ಲ, ಅದನ್ನು ಸಣ್ಣ ಬ್ರಷ್ಷಿನಲ್ಲಿ ಒಂದೊಂದೇ ಎಳೆಯಾಗಿ ಬರೆಯಲು ಒಬ್ಬೊಬ್ಬನಿಗೆ ಒಂದೊಂದು ಸಂಜೆ ಹಿಡಿದಿತ್ತು. ಆವತ್ತು ಸಂಜೆ ಮಳೆ ಒಂಚೂರು ಹೊಳವಾಯಿತು. ಇದೇ ಸಮಯ ಅಂದುಕೊಂಡು ಎಲ್ಲರನ್ನೂ ಜಗಲಿಗೆ ತಂದು ಸ್ಪ್ರೇ ಹೊಡೆದೆ. ಅರ್ಧ ಗಂಟೆಯಲ್ಲಿ ಹುಲಿಪಟ್ಟೆ ಯಾವುದು, ಮಬ್ಬು ಯಾವುದು ಅಂತ ಗೊತ್ತಾಗದ ಹಾಗಾಯಿತು.

ಗಾಬರಿಯಲ್ಲಿ ಮಾಡಬಾರದ್ದನ್ನೇ ಮಾಡಿದೆ. ಅಟ್ಟದ ಮೇಲೆ ಗೇಟಿಗೆ ಬಣ್ಣ ಹೊಡೆದು ಉಳಿದಿದ್ದ ಥಿನ್ನರ್ ಇತ್ತು. ಬಟ್ಟಲಿಗೆ ಸುರಿದು ಒಬ್ಬ ಕೆಂಪಂಗಿಯವನನ್ನು ಅದ್ದಿದೆ. ಬಣ್ಣದ ಜೊತೆ ಮೂಗೂ ಹೋಯಿತು. ಮತ್ತೆ ಸ್ವಲ್ಪ ಹೊತ್ತಿಗೆ ಬಂದೂಕು ಮೆತ್ತಗಾಗಿ ಹುರುಳಿಕಾಯಿ ಥರ ಜೋತುಬಿತ್ತು. ಆಮೇಲೆ ಗೊತ್ತಾಯಿತು, ಮಬ್ಬು ಬಂದಿದ್ದದ್ದು ಮೇಲಿನ ವಾರ್ನಿಷ್ ಪದರಕ್ಕೆ ಮಾತ್ರ. ಕೆಳಗಿನ ಬಣ್ಣಕ್ಕೆ ಏನೂ ಆಗಿರಲಿಲ್ಲ.

ಬಿಳಿ ಕಂಡಿತು ಅಂದರೆ ಒಂದೇ ಕಾಯಿಲೆ ಅಲ್ಲ. ನಮ್ಮ ಕಡೆ ಅದು ಕಡಿಮೆ ಅಂದರೂ ಐದು ದಾರಿಯಲ್ಲಿ ಬರುತ್ತದೆ. ಐದಕ್ಕೂ ಮದ್ದು ಬೇರೆ ಬೇರೆ, ಒಂದರ ಮದ್ದು ಇನ್ನೊಂದಕ್ಕೆ ವಿಷ. ಯಾವ ದಾರಿಯಲ್ಲಿ ಬಂದಿದೆ ಅಂತ ಗೊತ್ತಾಗುವ ತನಕ ಯಾವ ಬಾಟಲಿಯ ಮುಚ್ಚಳವನ್ನೂ ತೆಗೆಯಬೇಡಿ.

ಮೊದಲು ಒಂದು ಹನಿ ನೀರು

ಹಲ್ಲುಕಡ್ಡಿಯ ತುದಿಯಲ್ಲಿ ಒಂದು ಹನಿ ನೀರು ತೆಗೆದುಕೊಂಡು ಮಬ್ಬು ಜಾಸ್ತಿ ಇರುವ ಕಡೆ ಇಡಿ. ಬೆನ್ನಿನ ಮೇಲಾದರೆ ಒಳ್ಳೆಯದು, ಏನಾದರೂ ಕಲೆ ಉಳಿದರೆ ಎದುರಿಗೆ ಕಾಣುವುದಿಲ್ಲ. ಟಾರ್ಚ್ ಹಿಡಿದು ನೋಡಿ.

ಶಾಲೆಯ ಸ್ಲೇಟು ನೆನಪಿದೆ ಅಲ್ವಾ? ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಫಳಫಳ ಕಪ್ಪಾಗಿ, ಒಣಗಿದ ಮೇಲೆ ಬಳಪದ ಬಿಳಿ ಮತ್ತೆ ಮೇಲೆ ಬರುತ್ತಿತ್ತು. ಇಲ್ಲೂ ಅದೇ. ಹನಿ ಬಿದ್ದ ಜಾಗದಲ್ಲಿ ಬಿಳಿ ಮಾಯವಾಗಿ ನಿಮ್ಮ ಬಣ್ಣ ಹಾಗೇ ಕಂಡು, ಒಣಗಿದಾಗ ಬಿಳಿ ವಾಪಸ್ ಬಂದರೆ ನೆಮ್ಮದಿಯಾಗಿ ಒಂದು ಲೋಟ ಕಾಫಿ ಕುಡಿಯಿರಿ. ಬಣ್ಣ ಭದ್ರವಾಗಿದೆ. ಮೇಲಿನ ಪದರದ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ತೂತುಗಳಿವೆ, ಇಲ್ಲವೇ ನುಣ್ಣಗಿನ ಪುಡಿ ಇದೆ. ಬೆಳಕು ಅವಕ್ಕೆ ತಾಗಿ ಚದುರುತ್ತಿದೆ, ಅಷ್ಟೇ. ನೀರು ಆ ತೂತು ತುಂಬಿದಾಗ ಚದುರುವುದು ನಿಲ್ಲುತ್ತದೆ.

ಒದ್ದೆಯಾದ ಮೇಲೂ ಬೆಳ್ಳಗೇ ಇದ್ದರೆ, ಇಲ್ಲವೇ ಕಡ್ಡಿ ತಾಗಿದ ಕೂಡಲೇ ಪುಡಿ ಎದ್ದು ಬಂದರೆ, ಕೆಳಗೆ ಬೂಷ್ಟು ಮತ್ತು ಸೀಸದ ಬಗ್ಗೆ ಬರೆದಿರುವುದನ್ನು ಮೊದಲು ಓದಿ.

ಹನಿ ನೋಡಿದ ಮೇಲೆ ಜಾಗ ನೋಡಿ. ಎಲ್ಲ ಕಡೆ ಸಮನಾಗಿ ಇದೆಯೇ? ಮಡಿಕೆ, ಸಂದುಗಳಲ್ಲಿ ಮಾತ್ರವೇ? ಅಂಟು ಹಾಕಿದ ಕೀಲಿನ ಸುತ್ತವೇ? ಕಾಲ ಕೆಳಗಿನ ಬೇಸ್‌ನಲ್ಲಿಯೇ? ಮುಕ್ಕಾಲು ಪಾಲು ಉತ್ತರ ಇಲ್ಲೇ ಸಿಕ್ಕಿಬಿಡುತ್ತದೆ.

ಎಲ್ಲ ಕಡೆ ಸಮನಾಗಿ: ವಾರ್ನಿಷ್ ಒಳಗೆ ತೇವ

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ನೂರಕ್ಕೆ ತೊಂಬತ್ತು ಸಲ ಇದೇ. ನನ್ನದೂ ಇದೇ ಆಗಿತ್ತು.

ನನಗೆ ಇದನ್ನು ಬಿಡಿಸಿ ಹೇಳಿದ್ದು ಕಾರಿಗೆ ಬಣ್ಣ ಹೊಡೆಯುವ ಗ್ಯಾರೇಜಿನವರು. ಒಬ್ಬ ಸಿಪಾಯಿಯನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಹೋಗಿ, "ಅಣ್ಣಾ, ಇದೇನು ನೋಡಿ" ಅಂದೆ. ಅವರು ಕನ್ನಡಕ ಮೇಲೆ ಸರಿಸಿ, ಬೆಳಕಿಗೆ ಹಿಡಿದು, ನಕ್ಕರು.

"ಮಳೆ ಒಳಗೆ ಕೂತಿದೆ ಸಾರ್. ಇದಕ್ಕೆ ನಾವು ಬ್ಲಶ್ ಹೊಡೆದಿದೆ ಅಂತೀವಿ. ಜುಲೈನಲ್ಲಿ ಯಾರು ಸಾರ್ ಹೊರಗಡೆ ಹೊಡೀತಾರೆ?"

ಆಗುವುದು ಹೀಗೆ. ಡಬ್ಬಿಯಿಂದ ಹೊರಬಂದ ದ್ರಾವಕ ಬಲು ಬೇಗ ಆರುತ್ತದೆ. ಆರುವಾಗ ಮೇಲ್ಮೈಯ ಶಾಖ ಹೀರುತ್ತದೆ, ಕೈಗೆ ಸ್ಪಿರಿಟ್ ಹಚ್ಚಿದಾಗ ತಣ್ಣಗಾಗುತ್ತದಲ್ಲ, ಹಾಗೆ. ಸಿಪಾಯಿಯ ಮೈ ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಗಾಳಿಯಲ್ಲಿರುವ ತೇವ ಅದರ ಮೇಲೆ ಇಬ್ಬನಿಯಾಗಿ ಕೂರುತ್ತದೆ. ವಾರ್ನಿಷ್ ಇನ್ನೂ ಗಟ್ಟಿಯಾಗಿರುವುದಿಲ್ಲ, ಆ ಇಬ್ಬನಿಯನ್ನು ಒಳಗೆ ಹಿಡಿದುಕೊಂಡೇ ಗಟ್ಟಿಯಾಗುತ್ತದೆ. ನೀರು ಆಮೇಲೆ ಆರಿ ಹೋಗುತ್ತದೆ, ಅದು ಕೂತಿದ್ದ ತೂತುಗಳು ಉಳಿಯುತ್ತವೆ.

ಎಷ್ಟು ತಣ್ಣಗಾದರೆ ಇಬ್ಬನಿ ಕೂರುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಗಾಳಿ 22 ಡಿಗ್ರಿ ಇದ್ದು ತೇವಾಂಶ ಶೇಕಡ 50 ಇದ್ದರೆ, ಮೈ ಸುಮಾರು 11 ಡಿಗ್ರಿಗೆ ಇಳಿದರೆ ಮಾತ್ರ ನೀರು ಕೂರುತ್ತದೆ. ಸ್ಪ್ರೇ ಅಷ್ಟು ತಣ್ಣಗೆ ಮಾಡುವುದು ಕಷ್ಟ. ಅದೇ 22 ಡಿಗ್ರಿಯಲ್ಲಿ ತೇವಾಂಶ ಶೇಕಡ 90 ಇದ್ದರೆ 20 ಡಿಗ್ರಿಗೇ ನೀರು ಕೂರುತ್ತದೆ. ಅಂದರೆ ಎರಡು ಡಿಗ್ರಿ ಇಳಿದರೆ ಮುಗಿಯಿತು. ಮಳೆ ಹೊಳವಾಯಿತು ಅಂತ ನಾನು ಜಗಲಿಗೆ ಓಡಿದೆನಲ್ಲ, ಮಳೆ ನಿಂತಿತ್ತು ನಿಜ, ಗಾಳಿಯ ತೇವ ಎಲ್ಲಿ ಹೋಗಿತ್ತು?

ಸರಿ ಮಾಡುವ ಬಗೆ. ಗ್ಯಾರೇಜಿನವರು ಹೇಳಿದ್ದು ಸರಳ: "ಬಿಸಿಲು ಬಂದ ದಿನ ಅದನ್ನೇ ಮೇಲಿಂದ ತೆಳ್ಳಗೆ ಇನ್ನೊಂದು ಕೋಟು ಹೊಡೀರಿ." ದ್ರಾವಕದ ವಾರ್ನಿಷ್ ಆದರೆ ಹೊಸ ಕೋಟು ಹಳೆಯದನ್ನು ಸ್ವಲ್ಪ ಕರಗಿಸುತ್ತದೆ, ತೂತು ಮುಚ್ಚಿಕೊಳ್ಳುತ್ತವೆ. ಅವರು ಮಳೆಗಾಲದಲ್ಲಿ ಬಣ್ಣಕ್ಕೆ ರಿಟಾರ್ಡರ್ ಅಂತ ನಿಧಾನವಾಗಿ ಆರುವ ಥಿನ್ನರ್ ಬೆರೆಸುತ್ತಾರಂತೆ. ಡಬ್ಬಿ ಸ್ಪ್ರೇಗೆ ನಾವು ಏನೂ ಬೆರೆಸುವ ಹಾಗಿಲ್ಲ.

ಬಿಸಿಲಿಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಎರಡನೇ ದಾರಿ ಹಿಡಿದೆ: ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಗ್ಲಾಸ್ ವಾರ್ನಿಷ್ಷನ್ನು ಬ್ರಷ್ಷಿನಲ್ಲಿ ತೆಳ್ಳಗೆ ಹಚ್ಚುವುದು. ಮ್ಯಾಟ್ ಅಲ್ಲ, ಗ್ಲಾಸ್, ಅಂದರೆ ಹೊಳಪಿನದು. ಹೊಳಪಿನ ವಾರ್ನಿಷ್‌ನಲ್ಲಿ ಪುಡಿ ಇರುವುದಿಲ್ಲ, ತೂತುಗಳ ಒಳಗೆ ಇಳಿದು ಅಲ್ಲೇ ಗಟ್ಟಿಯಾಗುತ್ತದೆ. ಮೊದಲನೆಯವನ ಭುಜದ ಮೇಲೆ ಬ್ರಷ್ ಆಡಿಸಿದಾಗ, ಇಬ್ಬನಿ ಹಿಡಿದ ಕಿಟಕಿ ಗಾಜನ್ನು ಅಂಗೈಯಲ್ಲಿ ಒರೆಸಿದ ಹಾಗೆ ಹುಲಿಪಟ್ಟೆ ಒಂದೊಂದಾಗಿ ಹೊರಗೆ ಬಂತು. ಒಂದು ರಾತ್ರಿ ಪೂರ್ತಿ ಒಣಗಲು ಬಿಡಿ. ಡಬ್ಬಿ ಮೇಲೆ ಇಪ್ಪತ್ತು ನಿಮಿಷ ಅಂತ ಬರೆದಿದ್ದರೂ ಬಿಡಿ, ಅದು ನಮ್ಮ ಮಳೆಗಾಲ ನೋಡಿ ಬರೆದದ್ದಲ್ಲ. ಆಮೇಲೆ ಬ್ರಷ್ಷಿನಿಂದಲೇ ಮ್ಯಾಟ್ ಒಂದು ಕೋಟು.

ಎಣ್ಣೆಯ ಮದ್ದೂ ಒಂದಿದೆ. ಹೊರದೇಶದ ಹವ್ಯಾಸಿಗಳು ಆಲಿವ್ ಎಣ್ಣೆ ಸವರಿ, ಒಂದು ರಾತ್ರಿ ಬಿಟ್ಟು ಒರೆಸುತ್ತಾರೆ. ತೂತುಗಳನ್ನು ನೀರಿನ ಬದಲು ಎಣ್ಣೆ ತುಂಬುತ್ತದೆ, ನೀರಿನ ಹಾಗೆ ಆರಿಹೋಗುವುದಿಲ್ಲ. ನಮ್ಮ ಮನೆಯಲ್ಲಿ ಆಲಿವ್ ಎಣ್ಣೆ ಎಲ್ಲಿಂದ ಬರಬೇಕು? ಎಣ್ಣೆ ಅಂದರೆ ಎಣ್ಣೆ ಅಂದುಕೊಂಡು ಕೊಬ್ಬರಿ ಎಣ್ಣೆ ಹಚ್ಚಿದೆ. ಬಚ್ಚಲ ಒಲೆಯ ಪಕ್ಕ ಕೂತು ಹಚ್ಚುವಾಗ ಅದ್ಭುತವಾಗಿ ಕಂಡಿತು. ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಬಿಳಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಜುಲೈನಲ್ಲಿ ನಮ್ಮ ಮನೆಯ ಬಾಟಲಿಯಲ್ಲೂ ಅದು ಬೆಣ್ಣೆಯ ಹಾಗೇ ಇರುತ್ತದೆ. ದಿನಾ ತಲೆಗೆ ಹಚ್ಚುವವನಿಗೆ ಇದು ಹೊಳೆಯದೆ ಹೋದದ್ದು ನಾಚಿಕೆಯ ವಿಷಯ. ಆಲಿವ್ ಎಣ್ಣೆ ಮೆಡಿಕಲ್ ಶಾಪಿನಲ್ಲಿ ಮಕ್ಕಳ ಮೈಗೆ ಹಚ್ಚಲು ಸಣ್ಣ ಡಬ್ಬಿಯಲ್ಲಿ ಸಿಗುತ್ತದೆ. ಆದರೂ ನಾನು ಇದನ್ನು ಕೊನೆಯ ದಾರಿ ಅಂತಲೇ ಹೇಳುತ್ತೇನೆ. ಜಿಡ್ಡು ಉಳಿದರೆ ಮುಂದೆ ಯಾವ ವಾರ್ನಿಷ್ಷೂ ಸರಿಯಾಗಿ ಹಿಡಿಯುವುದಿಲ್ಲ, ಧೂಳು ಮಾತ್ರ ಚೆನ್ನಾಗಿ ಹಿಡಿಯುತ್ತದೆ.

ಮುಂದೆ ಆಗದ ಹಾಗೆ. ಒಂದು ಸಣ್ಣ ಹೈಗ್ರೋಮೀಟರ್ ತೆಗೆದುಕೊಳ್ಳಿ, ಗಾಳಿಯ ತೇವಾಂಶ ತೋರಿಸುವ ಯಂತ್ರ. ಕಣದಲ್ಲಿ ಕಾಫಿ ಒಣಗಿಸುವವರ ಊರಿನಲ್ಲಿ ತೇವ ಅಳೆಯಬೇಕು ಅಂತ ಯಾರಿಗೂ ಹೇಳಿಕೊಡಬೇಕಿಲ್ಲ, ಬೀಜದ ತೇವ ನೋಡದೆ ಯಾರೂ ಚೀಲ ಹೊಲಿಯುವುದಿಲ್ಲ. ಅಗ್ಗದ ಹೈಗ್ರೋಮೀಟರ್ ಸುಳ್ಳು ಹೇಳುವುದುಂಟು, ಅದಕ್ಕೆ ಉಪ್ಪಿನ ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನ ಹಾಗಾಗುವಷ್ಟು ಮಾತ್ರ ನೀರು ಬೆರೆಸಿ, ಯಂತ್ರದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ 75ರ ಹತ್ತಿರ ತೋರಿಸಬೇಕು. 82 ತೋರಿಸಿದರೆ ನಿಮ್ಮ ಯಂತ್ರ ಏಳು ಜಾಸ್ತಿ ಹೇಳುತ್ತದೆ ಅಂತ ಲೆಕ್ಕ.

ನನ್ನ ಕಟ್ಟು ಹೀಗಿದೆ: 60ಕ್ಕಿಂತ ಕಡಿಮೆ ಇದ್ದರೆ ಸ್ಪ್ರೇ. 60ರಿಂದ 70ರ ನಡುವೆ ಇದ್ದರೆ ಮೊದಲು ಒಂದು ಕಪ್ಪು ಪ್ಲಾಸ್ಟಿಕ್ ಚಮಚಕ್ಕೆ ಹೊಡೆದು ಅರ್ಧ ಗಂಟೆ ಕಾಯುತ್ತೇನೆ. ಕಪ್ಪಿನ ಮೇಲೆ ಬಿಳಿ ಅಡಗಿಕೊಳ್ಳಲು ಆಗುವುದಿಲ್ಲ. 70 ದಾಟಿದರೆ ಬ್ರಷ್ ಮಾತ್ರ. ಹಾಸನದಲ್ಲಿ ನನ್ನ ಗೆಳೆಯನೊಬ್ಬ ಇದೇ ಆಟ ಆಡುತ್ತಾನೆ, ಅಲ್ಲಿ ಮಳೆ ನಮ್ಮಷ್ಟಿಲ್ಲ, ಆಗಸ್ಟಿನಲ್ಲೂ ಒಳ್ಳೆಯ ಬಿಸಿಲಿನ ಮಧ್ಯಾಹ್ನ ಸಿಗುತ್ತದೆ. ಅವಸರ ಇದ್ದರೆ ಶೂ ಡಬ್ಬಿಯಲ್ಲಿ ಪಡೆಯನ್ನು ಕೂರಿಸಿಕೊಂಡು ಬಸ್ಸು ಹತ್ತಿಬಿಡುತ್ತೇನೆ. ಕಂಡಕ್ಟರ್ ಒಮ್ಮೆ ಕೇಳಿದರು, "ಸ್ವೀಟಾ ಸಾರ್?"

ಸ್ಪ್ರೇ ಹೊಡೆಯಲೇಬೇಕು ಅಂದರೆ ಸಿಪಾಯಿಗಳನ್ನು ಮೊದಲು ಬೆಚ್ಚಗೆ ಮಾಡಿ. ರಟ್ಟಿನ ಪೆಟ್ಟಿಗೆಯಲ್ಲಿ ಕೋಳಿ ಮರಿಗಳಿಗೆ ಹಾಕುವ ಹಳೇ ಥರದ 60 ವಾಟಿನ ಬಲ್ಬು ಇಟ್ಟು ಅರ್ಧ ಗಂಟೆ ಬಿಡಿ. ಎಲ್‌ಇಡಿ ಬಲ್ಬು ಪ್ರಯೋಜನವಿಲ್ಲ, ಅದು ಅಷ್ಟು ಬಿಸಿಯಾಗುವುದಿಲ್ಲ. ಬಲ್ಬು ರಟ್ಟಿಗೆ ತಾಗಬಾರದು. ಮೈ ಬೆಚ್ಚಗಿದ್ದರೆ ಇಬ್ಬನಿ ಕೂರುವ ಮಟ್ಟಕ್ಕೆ ಇಳಿಯುವುದು ಕಷ್ಟ. ಆದರೆ ಸ್ಪ್ರೇ ಹೊಡೆಯುವುದು ಪೆಟ್ಟಿಗೆಯಿಂದ ದೂರ, ಗಾಳಿಯಾಡುವ ಕಡೆ. ಡಬ್ಬಿಯೊಳಗಿನ ಅನಿಲ ಹೊತ್ತಿಕೊಳ್ಳುತ್ತದೆ. ಬಚ್ಚಲ ಒಲೆಯ ಹತ್ತಿರ ಡಬ್ಬಿ ತರಲೇಬೇಡಿ.

ಸಂದುಗಳಲ್ಲಿ ಮಾತ್ರ: ತಳ ಹಿಡಿದ ಪುಡಿ

ಮುಖ ಸರಿ ಇದೆ, ಎದೆ ಸರಿ ಇದೆ, ಕಂಕುಳು ಮತ್ತು ಬಟ್ಟೆಯ ಮಡಿಕೆಯಲ್ಲಿ ಮಾತ್ರ ಸುಣ್ಣ ಬಳಿದ ಹಾಗಿದೆ. ಇದಕ್ಕೆ ಮಳೆಯನ್ನು ಬಯ್ಯಬೇಡಿ. ಮ್ಯಾಟ್ ವಾರ್ನಿಷ್ ಹೊಳಪು ಕಳೆಯುವುದು ಅದರಲ್ಲಿರುವ ನುಣ್ಣನೆಯ ಸಿಲಿಕಾ ಪುಡಿಯಿಂದ. ಡಬ್ಬಿ ಇಟ್ಟಲ್ಲೇ ಇದ್ದರೆ ಪುಡಿ ತಳ ಸೇರುತ್ತದೆ, ಸರಿಯಾಗಿ ಕಲಕದೆ ಹಾಕಿದರೆ ಗುಂಪು ಗುಂಪಾಗಿ ಬರುತ್ತದೆ. ಕೋಟು ದಪ್ಪ ಆದರೂ ಹರಿದು ಸಂದಿನಲ್ಲಿ ನಿಂತು ಒಣಗುತ್ತದೆ. ಸ್ಪ್ರೇ ಡಬ್ಬಿಯನ್ನು ಗೋಲಿ ಸದ್ದು ಶುರುವಾದ ಮೇಲೆ ಎರಡು ನಿಮಿಷ ಅಲ್ಲಾಡಿಸಿ. ಎರಡು ನಿಮಿಷ ಅಂದರೆ ಗಡಿಯಾರ ನೋಡಿಕೊಂಡು, ಕೈ ನೋಯಬೇಕು. ಚಳಿ ಇದ್ದರೆ ಡಬ್ಬಿಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ನಿಲ್ಲಿಸಿ. ಬ್ರಷ್ಷಿನ ವಾರ್ನಿಷ್ ಆದರೆ ಬಾಟಲಿ ಒಳಗೆ ಒಂದು ಸ್ಟೀಲ್ ಗುಂಡು ಹಾಕಿಟ್ಟುಕೊಳ್ಳಿ.

ಆಗಿಹೋಗಿದ್ದರೆ, ಸಂದಿಗೆ ಗ್ಲಾಸ್ ವಾರ್ನಿಷ್ ಒಂದು ಹನಿ. ಇಲ್ಲವೇ ಆ ಮಡಿಕೆಗೆ ಗಾಢ ಬಣ್ಣದ ವಾಶ್, ಅಂದರೆ ನೀರಾಗಿ ತೆಳುವಾಗಿಸಿದ ಬಣ್ಣ, ಇಳಿಬಿಡಿ. ಹೇಗೂ ನೆರಳು ಬೇಕಾದ ಜಾಗ ಅದು.

ಕೀಲಿನ ಸುತ್ತ: ಅಂಟಿನ ಆವಿ

ತೋಳು ಸೇರಿದ ಕಡೆ, ಕಾಲು ಬೇಸ್‌ಗೆ ಅಂಟಿದ ಕಡೆ, ಹೊಗೆ ತಾಗಿದ ಹಾಗೆ ಬಿಳಿ ಉಂಗುರ. ಇದು ಫೆವಿಕ್ವಿಕ್ ಥರದ ಸೂಪರ್ ಗ್ಲೂ ಕೆಲಸ. ಅಂಟು ಜಾಸ್ತಿಯಾದಾಗ ಒಂದಷ್ಟು ಆವಿಯಾಗಿ ಮೇಲೇಳುತ್ತದೆ. ಆ ಆವಿ ಗಾಳಿಯ ತೇವ ತಾಗಿದ ಕೂಡಲೇ ಗಟ್ಟಿಯಾಗಿ ಪಕ್ಕದಲ್ಲೇ ಪುಡಿಯಾಗಿ ಕೂರುತ್ತದೆ. ಅಪರಾಧ ನಡೆದ ಜಾಗದಲ್ಲಿ ಬೆರಳಚ್ಚು ಹಿಡಿಯಲು ಬಳಸುವುದೂ ಇದೇ ಆವಿಯನ್ನೇ. ನನ್ನ ಒಂದು ಫಿರಂಗಿಯ ಚಕ್ರದ ಮೇಲೆ ನನ್ನದೇ ಹೆಬ್ಬೆಟ್ಟು ಬೆಳ್ಳಗೆ ಅಚ್ಚಾಗಿ ಬಂದಿತ್ತು, ರೇಖೆಗಳನ್ನು ಎಣಿಸಬಹುದಿತ್ತು. ಅಂಟು ಹಾಕಿ ಕೂಡಲೇ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ, ಆವಿ ಹೋಗಲು ದಾರಿ ಇರಲಿಲ್ಲ.

ಒದ್ದೆ ಹತ್ತಿಕಡ್ಡಿಯಲ್ಲಿ ಒರೆಸಿದರೆ ಹೊಸ ಪುಡಿ ಹೋಗುತ್ತದೆ. ಹಳೆಯದಕ್ಕೆ ಮೇಲಿಂದ ಬಣ್ಣ ಹಚ್ಚುವುದೇ ಸುಲಭ. ಉಗುರು ಬಣ್ಣ ತೆಗೆಯುವ ದ್ರವ ಹಾಕಲು ಹೋಗಬೇಡಿ, ಅಸಿಟೋನ್ ಇದ್ದರೆ ಅದು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಮುಂದಕ್ಕೆ ಅಂಟನ್ನು ಗುಂಡುಸೂಜಿಯ ತುದಿಯಲ್ಲಿ ಇಡಿ, ಅಂಟಿಸಿದ ಮೇಲೆ ಫ್ಯಾನ್ ಗಾಳಿಯಲ್ಲಿ ಒಂದು ರಾತ್ರಿ ಹೊರಗೆ ಬಿಡಿ.

ಬೇಸ್ ಮೇಲೆ: ಬೂಷ್ಟು

ಚಿಕ್ಕಮಗಳೂರಿನವನಾಗಿ ಇದನ್ನು ಹೇಳಲು ಸಂಕೋಚ, ಆದರೆ ಹೇಳಲೇಬೇಕು. ಮಣ್ಣಿನ ಹಾಗೆ ಕಾಣಲಿ ಅಂತ ಬೇಸ್ ಮೇಲೆ ಕಾಫಿ ಚರಟ ಅಂಟಿಸುವುದು ಬಹಳ ಜನರ ರೂಢಿ. ಬಣ್ಣ ಸರಿ, ಕಾಳಿನ ಅಳತೆ ಸರಿ, ಖರ್ಚಿಲ್ಲ. ನಾನೂ ಬೆಳಗಿನ ಫಿಲ್ಟರಿನ ಚರಟವನ್ನು ಪೇಪರ್ ಮೇಲೆ ಹರಡಿ, ಎರಡು ದಿನ ಬಿಟ್ಟು, ಫೆವಿಕಾಲ್ ಹಚ್ಚಿ ಉದುರಿಸಿದೆ. ಆರಿದ್ರಾ ಮಳೆಯ ಹೊತ್ತಿಗೆ ಟಿಪ್ಪುವಿನ ರಾಕೆಟ್ ಪಡೆ ಹತ್ತಿಯ ಹೊಲದಲ್ಲಿ ನಿಂತ ಹಾಗಿತ್ತು.

ಬೂಷ್ಟನ್ನು ಗುರುತಿಸುವುದು ಕಷ್ಟವಿಲ್ಲ. ಭೂತಗನ್ನಡಿಯಲ್ಲಿ ನೂಲಿನ ಎಳೆಗಳು ಕಾಣುತ್ತವೆ. ಮುಗ್ಗಲು ವಾಸನೆ ಬರುತ್ತದೆ. ಒಂದು ವಾರದಲ್ಲಿ ಮಬ್ಬು ಬೆಳೆದಿರುತ್ತದೆ, ವಾರ್ನಿಷ್ ಮಬ್ಬು ಬಂದಷ್ಟಕ್ಕೇ ನಿಂತಿರುತ್ತದೆ. ಸಿಪಾಯಿಯ ಮೇಲೆ ಬಂದಿರುವುದು ಕಡಿಮೆ, ಚರಟ, ಕಾರ್ಕ್, ಮರದ ಪುಡಿ, ಇಂಥ ಬೂಷ್ಟಿಗೆ ಆಹಾರವಾಗುವ ವಸ್ತು ಇದ್ದಲ್ಲಿ ಬರುತ್ತದೆ.

ಒರೆಸಿ ಸುಮ್ನೆ ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಬರುತ್ತದೆ. ಬೇಸ್ ಮೇಲಿನ ಪದರವನ್ನು ಪೂರ್ತಿ ಕೆರೆದು ತೆಗೆಯಿರಿ. ಪ್ಲಾಸ್ಟಿಕ್ ತಳವನ್ನು ಐಸೊಪ್ರೊಪೈಲ್ ಸ್ಪಿರಿಟ್‌ನಲ್ಲಿ ಒರೆಸಿ, ಆದರೆ ಬೂಟಿನ ಬಣ್ಣಕ್ಕೆ ತಾಗಿಸಬೇಡಿ, ಅಕ್ರಿಲಿಕ್ ಬಣ್ಣವನ್ನು ಅದು ಎಬ್ಬಿಸುತ್ತದೆ. ಹೊಸದಾಗಿ ಹೊಳೆಮರಳು ಹಾಕಿ. ಚರಟವೇ ಬೇಕು ಅಂದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಗರಿಗರಿ ಆಗುವ ತನಕ ಹುರಿದು, ಅಂಟಿಸಿ ಒಣಗಿದ ಮೇಲೆ ಎಲ್ಲ ಕಡೆಯೂ ವಾರ್ನಿಷ್ ಕುಡಿಸಿ. ನಾನಂತೂ ಮರಳಿಗೆ ಬಂದಿದ್ದೇನೆ.

ಹಳೆಯ ಲೋಹ: ಸೀಸದ ಕೊಳೆತ

ಐದರಲ್ಲಿ ತೀರಾ ಅಪರೂಪದ್ದು ಇದು, ಆದರೆ ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಈಗಿನ ಲೋಹದ ಸಿಪಾಯಿಗಳು ಹೆಚ್ಚಾಗಿ ತವರದ ಮಿಶ್ರಣ. ಹಳೆಯ ಕಾಲದವುಗಳಲ್ಲಿ ಸೀಸ ಜಾಸ್ತಿ ಇರುತ್ತಿತ್ತು. ಯಾರೋ ಸಂಬಂಧಿಕರು ಹೊರದೇಶದಿಂದ ತಂದ ಹಳೆಯ ಪಡೆ ಕೈಗೆ ಬಂದಿದ್ದರೆ ಗಮನಿಸಿ. ಬಣ್ಣ ಒಳಗಿನಿಂದ ಗುಳ್ಳೆ ಎದ್ದು, ಒಡೆದ ಕಡೆ ಬೂದಿಯಂಥ ಬಿಳಿ ಪುಡಿ ಇರುತ್ತದೆ. ನೀರಿನ ಹನಿ ಇಟ್ಟರೂ ಬಿಳಿ ಹೋಗುವುದಿಲ್ಲ. ಬಯನೆಟ್, ಕತ್ತಿಯಂಥ ತೆಳು ಭಾಗ ಮುಟ್ಟಿದರೆ ಮುರಿಯುತ್ತದೆ.

ಮರದಿಂದ ಸಣ್ಣಗೆ ಹೊರಬರುವ ಅಸಿಟಿಕ್ ಆಮ್ಲದ ಆವಿ ಗಾಳಿಯ ತೇವದ ಜೊತೆ ಸೇರಿ ಸೀಸವನ್ನು ತಿನ್ನುತ್ತದೆ. ಕೊನೆಗೆ ಅದು ಬಿಳಿ ಪುಡಿಯಾಗುತ್ತದೆ, ಸೀಸದ ಕಾರ್ಬೊನೇಟ್. ಅಂದವಾಗಿರಲಿ ಅಂತ ಹೊಸ ಪ್ಲೈವುಡ್ ಶೋಕೇಸ್ ಮಾಡಿಸಿ, ಗಾಜಿನ ಬಾಗಿಲು ಬಿಗಿಯಾಗಿ ಹಾಕಿ ಒಳಗಿಟ್ಟರೆ ನಾವೇ ಆವಿಯಲ್ಲಿ ಬೇಯಿಸಿದ ಹಾಗೆ.

ಆ ಪುಡಿ ವಿಷ. ಊದಬೇಡಿ, ಒಣ ಬ್ರಷ್ಷಿನಲ್ಲಿ ಉಜ್ಜಬೇಡಿ, ಮಕ್ಕಳಿಗೆ ಸಿಗದ ಹಾಗೆ ಇಡಿ. ಮಾಸ್ಕ್, ಕೈಗವಸು ಹಾಕಿ ಒದ್ದೆ ಹತ್ತಿಯಲ್ಲಿ ತೆಗೆದು, ಹತ್ತಿಯನ್ನು ಕವರಿನಲ್ಲಿ ಕಟ್ಟಿಡಿ. ಹಿತ್ತಾಳೆ ಪಾತ್ರೆ ಅಂದುಕೊಂಡು ಹುಣಸೆಹಣ್ಣು, ನಿಂಬೆ, ವಿನೆಗರ್ ಹಾಕಿ ತಿಕ್ಕಬೇಡಿ, ಕಾಯಿಲೆ ತಂದದ್ದೇ ಆಮ್ಲ. ಪೂರ್ತಿ ಒಣಗಿಸಿ, ವಾರ್ನಿಷ್‌ನಿಂದ ಮುಚ್ಚಿ, ಪ್ಲಾಸ್ಟಿಕ್ ಅಥವಾ ಸ್ಟೀಲ್ ಡಬ್ಬಿಗೆ ಬದಲಿಸಿ. ಉಳಿದವರಿಂದ ದೂರ ಇಡಿ. ತಿಂದುಹೋದದ್ದು ವಾಪಸ್ ಬರುವುದಿಲ್ಲ.

ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕುವುದು ಎಲ್ಲ ಪಡೆಗೂ ಒಳ್ಳೆಯದು. ನೀಲಿ ಬಣ್ಣದ್ದು ಗುಲಾಬಿಗೆ ತಿರುಗಿದರೆ ತೇವ ತುಂಬಿದೆ ಅಂತ ಅರ್ಥ. ಬಿಸಿ ಮಾಡಿ ಮತ್ತೆ ಬಳಸಬಹುದು, ಆದರೆ ಅಡುಗೆಯ ಬಾಣಲೆಯಲ್ಲಿ ಬೇಡ, ಆ ನೀಲಿ ಒಳ್ಳೆಯದಲ್ಲ.

ಬಿಳಿಯ ಹಾಗೆ ಕಾಣುವ ಬೇರೆ ಎರಡು

ಬೆರಳಾಡಿಸಿದಾಗ ಮರಳು ಕಾಗದದ ಹಾಗೆ ಒರಟಾಗಿದ್ದರೆ ಅದು ಬೇಸಿಗೆಯ ದೋಷ. ಮಾರ್ಚ್, ಏಪ್ರಿಲ್‌ನ ಒಣ ಮಧ್ಯಾಹ್ನ ದೂರದಿಂದ ಪ್ರೈಮರ್ (ಬಣ್ಣಕ್ಕೆ ಮುಂಚೆ ಹಾಕುವ ತಳಪದರ) ಹೊಡೆದರೆ ಹನಿಗಳು ಗಾಳಿಯಲ್ಲೇ ಒಣಗಿ ಪುಡಿಯಾಗಿ ಬೀಳುತ್ತವೆ. ಒಂದು ಗೇಣು ದೂರಕ್ಕೆ ಬನ್ನಿ, ಬೆಳಿಗ್ಗೆ ಎಂಟಕ್ಕೆ ಮುಂಚೆ ಹೊಡೆಯಿರಿ. ಕೂತ ಪುಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉದುರಿಸಬಹುದು.

1/72 ಅಳತೆಯ, ಅಂದರೆ ನಿಜದ ಎಪ್ಪತ್ತೆರಡರಲ್ಲಿ ಒಂದು ಪಾಲಿನ, ಮೆತ್ತನೆಯ ಪ್ಲಾಸ್ಟಿಕ್ ಸಿಪಾಯಿಗಳಲ್ಲಿ ಬಯನೆಟ್, ಮೊಣಕೈ ಹತ್ತಿರ ಬಿಳಿ ಗೀರು ಕಂಡರೆ ಅದು ಮಬ್ಬಲ್ಲ, ಪ್ಲಾಸ್ಟಿಕ್ ಬಾಗಿ ಬಣ್ಣ ಸೀಳಿದೆ. ಪಾತ್ರೆ ಸೋಪಿನಲ್ಲಿ ತೊಳೆದು, ಬಾಗಿದರೂ ಒಡೆಯದ ಪ್ರೈಮರ್ ಹಾಕಿ ಶುರು ಮಾಡಬೇಕಿತ್ತು. ಈಗ ಆ ಗೀರಿಗೆ ಚುಕ್ಕೆ ಇಟ್ಟು ಸಾಗಿ.

ಯಾವುದೂ ಆಗದಿದ್ದರೆ

ದಪ್ಪ ವಾರ್ನಿಷ್ ಮೂರು ಕೋಟು ಹಾಕಿ, ಮೂರೂ ಬೆಳ್ಳಗಾಗಿ, ಗ್ಲಾಸ್ ಹಚ್ಚಿದರೂ ಹೋಗದಿದ್ದರೆ ಮಾತ್ರ ಬಣ್ಣ ತೆಗೆಯುವ ಮಾತು. ಥಿನ್ನರ್ ಅಲ್ಲ, ಡೆಟಾಲ್. ನೀರು ಬೆರೆಸದ ಕಂದು ಡೆಟಾಲ್ ಗಾಜಿನ ಬಾಟಲಿಯಲ್ಲಿ ಹಾಕಿ ಸಿಪಾಯಿಯನ್ನು ಒಂದು ದಿನ ಮುಳುಗಿಸಿ. ಗಟ್ಟಿ ಪ್ಲಾಸ್ಟಿಕ್ ಮತ್ತು ಲೋಹ ಎರಡಕ್ಕೂ ನಡೆಯುತ್ತದೆ, ರೆಸಿನ್ ಆದರೆ ಮೊದಲು ಒಂದು ಚೂರನ್ನು ಹಾಕಿ ನೋಡಿ. ಕೈಗವಸು ಹಾಕಿಕೊಂಡು ಬಾಟಲಿಯ ಡೆಟಾಲ್‌ನಲ್ಲೇ ಬ್ರಷ್ ಅದ್ದಿ ಉಜ್ಜಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ನಲ್ಲಿ ತಿರುಗಿಸುವುದು. ನೀರು ತಾಗಿದ ಕೂಡಲೇ ಕರಗಿದ ಬಣ್ಣ ಹಲಸಿನ ಮೇಣದ ಹಾಗೆ ಅಂಟಂಟಾಗಿ ಹಿಡಿದುಕೊಳ್ಳುತ್ತದೆ. ಬಣ್ಣ ಪೂರ್ತಿ ಬಿಡುವ ತನಕ ಡೆಟಾಲ್ ಮಾತ್ರ, ಕೊನೆಗೆ ಸೋಪು ನೀರು.

ನನ್ನ 36 ಜನರಲ್ಲಿ ಡೆಟಾಲ್‌ಗೆ ಇಳಿದವರು ಮೂವರೇ. ಮೂಗು ಹೋದ ಕೆಂಪಂಗಿಯವನನ್ನು ಮಲಗಿಸಿ ಅಂಟಿಸಿದ್ದೇನೆ, ಆಟದಲ್ಲಿ ಗಾಯಾಳುಗಳ ಲೆಕ್ಕ ಇಡಲು ಬೇಕಾಗುತ್ತದೆ. ಡೆಟಾಲ್ ವಾಸನೆಗೆ ಅಮ್ಮ ಅಡುಗೆ ಮನೆಯಿಂದ ಓಡಿ ಬಂದು, "ಏನೋ, ಕೈ ಕುಯ್ದುಕೊಂಡ್ಯಾ?" ಅಂದರು. ಆ ಕೆಲಸ ಹಿತ್ತಲಲ್ಲಿ ಮಾಡಿ.

ತೊಳೆದ ಮೇಲೆ ಬೆನ್ನುಚೀಲದ ಸಂದು, ಟೋಪಿಯ ಅಂಚಿನ ಒಳಗೆಲ್ಲ ನೀರು ನಿಂತಿರುತ್ತದೆ. ಎರಡು ದಿನ ಬಲ್ಬಿನ ಪೆಟ್ಟಿಗೆಯಲ್ಲಿ ಒಣಗಿಸಿ. ಪ್ರೈಮರ್ ಸ್ಪ್ರೇಯದೇ ಆದರೆ ಹೈಗ್ರೋಮೀಟರ್ 60ರ ಕೆಳಗೆ ಬರುವ ತನಕ ಕಾಯಿರಿ. ಬ್ರಷ್ಷಿನ ಪ್ರೈಮರ್ ಇದ್ದರೆ ಒಣಗಿದ ದಿನವೇ ಹಚ್ಚಬಹುದು.